ಮುಂದ ಜನಾ ಹತ್ತತಾರ

ಶಿಗ್ಗಾಂವ
೧೪ ಜುಲೈ ೨೦೨೫, ಸೋಮವಾರ

ಫೋನು ಎತ್ತದ ಸಾಯಿಮಾಳಿಗೆ, ಎತ್ತಿಸಿಯೇ ತೀರುತ್ತೇನೆಂಬ ಹಟ ಬಿಟ್ಟ ತನುಜಾ ಬರೆಯುವುದು.

ಗಾಬರಿಯಾಗಬೇಡ. ಮೂರನೆಯ ಮಟ್ಟದ ಪೋರ್ಚುಗೀಸ್ ತರಗತಿಗೆ ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಹೆಸರು ಹಚ್ಚುವ ಕೊನೆಯ ದಿನ ಕಳೆದುಹೋಯಿತು. ಇನ್ನು ನೀನು ಓಡಿ ಬಂದರೂ ಅಲ್ಲಿ ಯಾರೂ ನಿನ್ನನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಧೈರ್ಯವಾಗಿ ಓದು. ನನ್ನ ಹೆಸರು ಕಂಡ ಕೂಡಲೇ ನೀನು ಮೊಬೈಲನ್ನು ದಿಂಬಿನ ಕೆಳಗೆ ತಳ್ಳುತ್ತೀ ಎಂದು ನಿನ್ನ ತಮ್ಮ ಬಿಲಾಲ ಹೇಳಿದ. ಅವನಿಗೆ ಬೈಯಬೇಡ, ನಾನೇ ಗದರಿಸಿ ಬಾಯಿ ಬಿಡಿಸಿದೆ. ದಿಂಬಿನ ಕೆಳಗಿನಿಂದ ನಾನು ಎಷ್ಟು ಹೊತ್ತು ಕೂಗಲಿ ಹೇಳು. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ನಿನ್ನನ್ನೂ ನಿನ್ನ ಅಮ್ಮಿಯನ್ನೂ ಡಯಾಲಿಸಿಸ್‌ಗೆಂದು ಸವಣೂರಿನಿಂದ ಶಿಗ್ಗಾಂವಕ್ಕೆ ತನ್ನ ಗಾಡಿಯಲ್ಲಿ ಕರೆತರುವಾಗ ನಮ್ಮಪ್ಪ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಮ್ಮಿ ಮಷೀನಿನ ಪಕ್ಕ ಮಲಗಿರುವಾಗ ನಿನಗೆ ಹೇಗೂ ಓದಲು ಹೊತ್ತು ಸಿಗುತ್ತದೆ.

ಅಮ್ಮಿ ಹೇಗಿದ್ದಾರೆ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಹೇಳಿದ ಅಳತೆಗಿಂತ ಹೆಚ್ಚು ನೀರು ಕೊಡಲಿಲ್ಲವೆಂದು ನಿನ್ನ ಮೇಲೆ ಸಿಟ್ಟಾಗುತ್ತಾರಂತೆ. ಅಪ್ಪ ಹೇಳಿದ. ಗಾಡಿಯಲ್ಲಿ ಕೂತವರ ಬಾಟಲಿಯ ಕಡೆ ಅವರು ನೋಡುವುದನ್ನು ನೋಡಲಾಗದೆ ಅವನು ಈಗ ಯಾರಿಗೂ ಮುಂದಿನ ಸೀಟಿನಲ್ಲಿ ನೀರು ಕುಡಿಯಲು ಬಿಡುವುದಿಲ್ಲವಂತೆ. ನಾನು ಅಲ್ಲಿ ಗೋವಾದಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಕೇಳಿ ಏನು ಮಾಡಿದೆ? ಏನೂ ಇಲ್ಲ. ನನ್ನ ಕೈಲಿ ಏನೂ ಆಗಲಿಲ್ಲ ಸಾಯಿಮಾ. ಈ ಕಾಗದದ ತುಂಬ ಇದೇ ಇರುತ್ತದೆ, ಬೇಸರ ಮಾಡಿಕೊಳ್ಳಬೇಡ.

ನಾವಿಬ್ಬರೂ ಮೊದಲ ದಿನ ಗೋವಾ ವಿಶ್ವವಿದ್ಯಾಲಯದ ತರಗತಿಗೆ ಹೋದಾಗ ಕೂಡಲು ಜಾಗವಿರಲಿಲ್ಲ, ನೆನಪಿದೆಯೇ? ಕಿಟಕಿಯ ಕಟ್ಟೆಯ ಮೇಲೂ ಜನ. ಅರ್ಧದಷ್ಟು ಮಂದಿ ಪೋರ್ಚುಗಲ್ಲಿನ ಪಾಸ್‌ಪೋರ್ಟಿನ ಆಸೆಯವರು, ಉಳಿದವರು ಹೋಟೆಲಿನವರು. ನೀವು ಯಾಕೆ ಕಲಿಯುತ್ತೀರಿ ಎಂದು ಕೇಳಿದಾಗ ನೀನು, ನಮ್ಮ ಮಾಮಾನ ಮನೆ ಇಲ್ಲೇ ಮಾಪುಸಾದಲ್ಲಿದೆ, ಎಂದೆ. ಅದು ಉತ್ತರವೇ ಅಲ್ಲ. ನಾನು ಅದನ್ನೂ ಹೇಳಲಿಲ್ಲ. ಸೀಟು ಸಿಕ್ಕಿತು, ಸೇರಿದೆವು, ಆಮೇಲೆ ಬಿಡಲು ಆಗಲಿಲ್ಲ. ಮೊದಲ ಮಟ್ಟದಲ್ಲಿ ಎಲ್ಲರೂ ಜಾಣರು. ಹೆಸರು ಹೇಳಿದೆವು, ಊರು ಹೇಳಿದೆವು, ಚಹಾ ಕೇಳಿದೆವು, ಇಂದು ಬಿಸಿಲು ಎಂದೆವು. ಎರಡನೆಯದಕ್ಕೆ ಬಂದ ಮೇಲೆ ತಾನೇ ಗೊತ್ತಾದದ್ದು, ನಮಗೆ ಏನೂ ಬರುವುದಿಲ್ಲ ಎಂದು. ಅರ್ಧ ಈಜು ಕಲಿತವರ ಹಾಗೆ ನಡುನೀರಿನಲ್ಲಿ ನಿಂತೆವು. ಪಾಸ್‌ಪೋರ್ಟಿನವರು ಹೋದರು. ಹೋಟೆಲಿನವರಿಗೆ ಅಷ್ಟು ಸಾಕಾಗಿತ್ತು, ಅವರೂ ಹೋದರು. ಒಂದು ವಾಕ್ಯ ಸರಿಯಾಗಿ ಬಂದ ದಿನ ನಾವಿಬ್ಬರೂ ಹಬ್ಬ ಮಾಡುತ್ತಿದ್ದೆವು.

ರಜೆಗೆ ಊರಿಗೆ ಬಂದಾಗ ಅಪ್ಪನ ಕ್ರೂಸರಿನ ಹಿಂದಿನ ಸೀಟಿನಲ್ಲಿ ಕೂತು ನಾವು ಆಡಿದ್ದೇ ಆಡಿದ್ದು. ಶಿಗ್ಗಾಂವದಿಂದ ಸವಣೂರಿನವರೆಗೆ ಗಾಡಿಯಲ್ಲಿದ್ದವರನ್ನೆಲ್ಲ ಅವರೆದುರೇ ಪೋರ್ಚುಗೀಸಿನಲ್ಲಿ ಬೈದು ಮುಗಿಸುತ್ತಿದ್ದೆವು. ಒಬ್ಬ ಮುದುಕಿ ಇವೆರಡಕ್ಕೂ ಗಾಳಿ ಬಡಿದಿದೆ ಎಂದು ನನ್ನ ಅವ್ವನಿಗೆ ದೂರು ಕೊಟ್ಟಿದ್ದಳು. ತಪ್ಪು ಮಾಡಿದರೆ ತಿದ್ದಲು ಇಡೀ ದಾರಿಯಲ್ಲಿ ನನಗೆ ನೀನೊಬ್ಬಳೇ, ನಿನಗೆ ನಾನೊಬ್ಬಳೇ. ನೀನು ಹೆಚ್ಚು ತಿದ್ದುತ್ತಿದ್ದೆ. ಪರೀಕ್ಷೆಯಲ್ಲೂ ನೀನೇ ಮೊದಲು. ಅದರ ಹೊಟ್ಟೆಕಿಚ್ಚು ನನಗಿನ್ನೂ ಹೋಗಿಲ್ಲ, ತಿಳಿದಿರಲಿ.

ಮೂರನೆಯ ಮಟ್ಟದಲ್ಲಿ ಹಳೆಯ ಕೈಬರಹದ ಕಾಗದಗಳನ್ನು ಓದಿಸುತ್ತೇನೆ ಎಂದು ಫಿಲೋಮಿನಾ ಮೇಡಂ ಹೇಳಿದ್ದರಲ್ಲ, ನಾನು ಅದಕ್ಕಾಗಿಯೇ ಕಾದಿದ್ದೆ. ನನ್ನ ಅವ್ವನ ತವರು ಆಡೂರು ಎಂದು ನಿನಗೆ ಗೊತ್ತು. ಅಲ್ಲಿಯ ಶಾಸನದ ಕಲ್ಲಿನ ಮುಂದೆ ನಾವು ಮಕ್ಕಳು ಆಡುತ್ತಿದ್ದೆವು. ಎಲ್ಲರೂ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು, ಓದಲು ಯಾರಿಗೂ ಬರುತ್ತಿರಲಿಲ್ಲ. ಒಮ್ಮೆ ಧಾರವಾಡದಿಂದ ಬಂದ ಒಬ್ಬರು ಬೆರಳಾಡಿಸುತ್ತ ಅದನ್ನು ಜೋರಾಗಿ ಓದಿದರು. ಅಷ್ಟು ದಿನ ಸುಮ್ಮನಿದ್ದ ಕಲ್ಲು ಮಾತಾಡಿತು ಎಂದು ಅನ್ನಿಸಿ ನಾನು ಅವ್ವನ ಸೆರಗು ಹಿಡಿದುಕೊಂಡೆ. ನನಗೂ ಹಾಗೆ ಏನಾದರೂ ಓದಬೇಕಿತ್ತು. ಇದನ್ನು ನಿನಗೆ ಹೇಳಿರಲಿಲ್ಲ, ನಗುತ್ತೀ ಎಂದು.

ಈಗ ಆದದ್ದನ್ನು ಹೇಳುತ್ತೇನೆ. ಮೂರನೆಯ ಮಟ್ಟ ಶುರುವಾಗಲು ಎರಡನೆಯದನ್ನು ಪಾಸಾದ ಐದು ಜನ ಬೇಕು, ಕಡಿಮೆಯಾದರೆ ತರಗತಿಯೇ ಇಲ್ಲ ಎಂದು ಈ ವರ್ಷ ನಿಯಮ ಮಾಡಿದರು. ಹೆಸರು ಹಚ್ಚಿದವರು ನಾನು ಮತ್ತು ಮಡಗಾಂವದ ಡೆರಿಕ್, ಇಬ್ಬರೇ. ಮೂರು ಸೀಟು ಕಡಿಮೆ. ನೀನು ಬಂದಿದ್ದರೂ ಇನ್ನೆರಡು ಕಡಿಮೆಯೇ ಇರುತ್ತಿತ್ತು. ಈ ಲೆಕ್ಕವನ್ನು ಒಂದು ಸಲ ಓದಿ ಮರೆತುಬಿಡು. ಮೇಡಂ ಅವರದು ಕಾಯಂ ಕೆಲಸವಲ್ಲ, ತರಗತಿಯಿದ್ದರೆ ಮಾತ್ರ ಅವರೂ ಇರುತ್ತಾರೆ. ಇಲ್ಲದಿದ್ದರೆ ಮಗನಿರುವ ಲಂಡನ್ನಿಗೆ ಹೋಗಿಬಿಡುತ್ತೇನೆ, ಈ ದಮ್ಮಿನ ಎದೆಯಲ್ಲಿ ಒಬ್ಬಳೇ ಇದ್ದು ಏನು ಮಾಡಲಿ, ಎಂದಿದ್ದರು. ಅಂದರೆ ಈ ವರ್ಷ ತಪ್ಪಿದರೆ ಮುಂದಿನ ವರ್ಷವೂ ಇಲ್ಲ.

ನಾನು ತಿರುಗದ ಜಾಗವಿಲ್ಲ. ಹಳೆಯ ಹುಡುಗರ ಮನೆಗೆ ಹೋದೆ. ಒಬ್ಬ ನಕ್ಕ. ಒಬ್ಬಳು ಕೂಡಿಸಿ ಕೇಕು ಕೊಟ್ಟು ಕಳಿಸಿದಳು. ವಿಭಾಗದವರು, ನಮಗೂ ಬೇಜಾರಿದೆ ಅಮ್ಮಾ, ಎಂದರು. ಎಲ್ಲರಿಗೂ ಬೇಜಾರು, ಯಾರ ಕೈಯಲ್ಲೂ ಏನೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಒಂದು ದಿನ ಅಪ್ಪನಿಗೆ ಫೋನು ಮಾಡಿ ಅತ್ತೆ. ಸೀಟು ತುಂಬಲಿಲ್ಲ ಅಪ್ಪಾ, ಅದಕ್ಕೆ ಬಿಡುವುದಿಲ್ಲವಂತೆ, ಎಂದೆ. ಅವನಿಗೆ ತಿಳಿಯಲಿ ಎಂದು ಹಾಗೆ ಹೇಳಿದ್ದೇ ಮುಳುವಾಯಿತು.

ಅಪ್ಪ ಇಪ್ಪತ್ತು ವರ್ಷದಿಂದ ಸೀಟು ತುಂಬಿಸುತ್ತಿರುವವನು. ಎದುರಿನಿಂದ ಬರುವ ಗಾಡಿ ಕಂಡರೆ ಸಾಕು, ಅದರಲ್ಲಿ ಎಷ್ಟು ಸೀಟು ಖಾಲಿ ಎಂದು ದೂರದಿಂದಲೇ ಹೇಳುತ್ತಾನೆ. ಒಮ್ಮೆ ನಾವಿಬ್ಬರೂ ಅವನ ಜೊತೆ ಪಂಥ ಕಟ್ಟಿ ಸೋತು, ಅವನಿಗೆ ಸವಣೂರಿನ ಖಾರಾ ತಿನ್ನಿಸಿದ್ದೆವಲ್ಲ. ಇನ್ನೊಂದು ನಿನಗೂ ಗೊತ್ತು. ಸ್ಟ್ಯಾಂಡಿನಲ್ಲಿ ಖಾಲಿ ನಿಂತ ಗಾಡಿಯನ್ನು ಯಾರೂ ಹತ್ತುವುದಿಲ್ಲ, ಯಾವಾಗ ಬಿಡುತ್ತಾನೋ ಏನೋ ಎಂದು ದೂರ ನಿಲ್ಲುತ್ತಾರೆ. ಅದಕ್ಕೇ ಡ್ರೈವರುಗಳು ಒಬ್ಬರ ಗಾಡಿಯಲ್ಲಿ ಒಬ್ಬರು ಹೋಗಿ ಪ್ಯಾಸೆಂಜರಿನ ಹಾಗೆ ಕೂಡುತ್ತಾರೆ, ಚಹಾದ ಅಂಗಡಿಯವನನ್ನೂ ಕೂಡಿಸುತ್ತಾರೆ. ನಾಲ್ಕು ತಲೆ ಕಂಡರೆ ನಿಜವಾದವರು ಹತ್ತುತ್ತಾರೆ. ಗಾಡಿ ಸ್ಟ್ಯಾಂಡು ದಾಟುವ ಮೊದಲು ಇವರು ಮೆಲ್ಲಗೆ ಇಳಿದುಬಿಡುತ್ತಾರೆ. ನಮ್ಮ ಮನೆಯಲ್ಲಿ ಅವರಿಗೆ ಕುಂದ್ರೊ ಮಂದಿ ಎನ್ನುತ್ತೇವೆ. ಅಪ್ಪ ಅದರಲ್ಲಿ ಮೋಸವನ್ನೇನೂ ಕಾಣುವುದಿಲ್ಲ. ಹೋಗುವವರು ಹೋದರು, ಕೂತವರು ಇಳಿದರು, ಯಾರದೇನು ಹೋಯಿತು ಎನ್ನುತ್ತಾನೆ.

ಕೊನೆಯ ದಿನ ಬೆಳಿಗ್ಗೆ ನಾನು ವಿಭಾಗದ ಮೆಟ್ಟಿಲ ಮೇಲೆ ಕೂತಿದ್ದೆ. ಗೇಟಿನಿಂದ ಒಂದು ಬಿಳಿ ಕ್ರೂಸರ್ ಬಂತು. ಮುಂದಿನ ಗಾಜಿನ ಮೇಲೆ ಶಿಗ್ಗಾಂವ–ಸವಣೂರ ಎಂಬ ಬೋರ್ಡು. ಅಪ್ಪ ಇಳಿದ. ಹಿಂದಿನಿಂದ ಅತ್ತೆಯ ಮಗ ಲೋಹಿತ, ಅಪ್ಪನ ಜೊತೆಗಾರ ಡ್ರೈವರ್ ಮೃತ್ಯುಂಜಯ ಕಾಕಾ, ಕೊನೆಗೆ ಅಪ್ಪನ ಗಾಡಿಯ ಕಾಯಂ ಪ್ಯಾಸೆಂಜರು ಹಿರೇಬೆಂಡಿಗೇರಿಯ ಸಿದ್ದವ್ವ ಆಯಿ ಇಳಿದರು. ಆಯಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಗಡಿಯಲ್ಲಿ ಪೊಲೀಸರು ತಡೆದು ಎಲ್ಲಿಗೆ ಎಂದು ಕೇಳಿದಾಗ ಅಪ್ಪ ಕಾಲೇಜಿಗೆ ಎಂದನಂತೆ. ಅವರು ಆಯಿಯ ಮುಖ ನೋಡಿ ಯಾರ ಕಾಲೇಜು ಎಂದು ಕೇಳಿದರು. ಆಯಿ, ನಂದೇ, ಎಂದಳಂತೆ. ಹೇಗೋ ಬಿಟ್ಟು ಕಳಿಸಿದ್ದಾರೆ.

ನೀನಿದ್ದಿದ್ದರೆ ನಕ್ಕು ಸಾಯುತ್ತಿದ್ದೆ. ನನಗೆ ನಗು ಬರಲಿಲ್ಲ. ಮೊದಲು ನಾಚಿಕೆಯಾಯಿತು, ಯಾರಾದರೂ ನೋಡಿದರೆ ಎಂದು. ಅಪ್ಪನನ್ನು ಪಕ್ಕಕ್ಕೆ ಕರೆದು, ಇವರಿಗೆ ಒಂದಕ್ಷರ ಬರುವುದಿಲ್ಲ, ಎರಡು ಪರೀಕ್ಷೆ ಪಾಸಾದವರು ಬೇಕು, ಎಂದು ಬಾಯಿಗೆ ಬಂದಂತೆ ಬೈದೆ. ಅವನು ಅಷ್ಟಕ್ಕೆ ಬಿಡದೆ ಕಚೇರಿಗೆ ಹೋಗಿ ತಾನೇ ವಿಚಾರಿಸಿದ. ಅವನ ಹಿಂದಿಯೂ ಗುಮಾಸ್ತರ ಹಿಂದಿಯೂ ಜಗಳವಾಡಿಕೊಂಡವು. ಅವರು ಕೆಟ್ಟವರಲ್ಲ, ಅಪ್ಪನಿಗೆ ಕುರ್ಚಿ ಕೊಟ್ಟರು, ಕಂಪ್ಯೂಟರಿನ ಪರದೆಯನ್ನೇ ಅವನ ಕಡೆ ತಿರುಗಿಸಿ ತೋರಿಸಿದರು. ನೋಡಿರಿ, ಇದು ಐದು ಆಗದೆ ಮುಂದಕ್ಕೆ ಹೋಗುವುದೇ ಇಲ್ಲ, ನಾನೇನು ಮಾಡಲಿ, ಎಂದರು. ಅಪ್ಪ ಆ ಪರದೆಯನ್ನು ಬಹಳ ಹೊತ್ತು ನೋಡಿದ.

ಅಷ್ಟರಲ್ಲಿ ಫಿಲೋಮಿನಾ ಮೇಡಂ ಬಂದರು. ಇವರು ಯಾರು ಎಂದು ಕೇಳಿದರು. ನಾನು ಹೇಳಲೇಬೇಕಾಯಿತು, ಕುಂದ್ರೊ ಮಂದಿಯ ಪದ್ಧತಿಯನ್ನೂ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಇಷ್ಟು ದೂರದಿಂದ ವಿದ್ಯಾರ್ಥಿಗಳು ಬಂದಿದ್ದಾರೆ, ಪಾಠ ಮಾಡದೆ ಕಳಿಸಲೇ, ಎಂದು ನಮ್ಮ ಕೋಣೆಯ ಬೀಗ ತೆಗೆಸಿದರು.

ಕೂತೆವು. ಸಿದ್ದವ್ವ ಆಯಿ ನಿನ್ನ ಜಾಗದಲ್ಲಿ ಕೂತಳು, ಕಿಟಕಿಯ ಪಕ್ಕದಲ್ಲಿ. ಹಿಂದಿನ ಸಾಲಿನಲ್ಲಿ ಡೆರಿಕ್ ಇದ್ದ, ನಮ್ಮ ಜೊತೆ ಎರಡನೆಯದನ್ನು ಮುಗಿಸಿದ ಸಿಸ್ಟರ್ ಬೆನೆಡಿಟಾ ಇದ್ದರು, ವಕೀಲಿ ಬಿಟ್ಟ ಕಾಮತ್ ಅಜ್ಜ ಇದ್ದರು. ಸಿಸ್ಟರ್ ಮತ್ತು ಅಜ್ಜ ಹೆಸರು ಹಚ್ಚಿರಲಿಲ್ಲ, ಮೇಡಂ ಅವರನ್ನು ನೋಡಿಕೊಂಡು ಹೋಗಲು ಸುಮ್ಮನೆ ಬಂದದ್ದು. ಮೇಡಂ ಮೊದಲ ಮಟ್ಟದ ಮೊದಲ ಪಾಠವನ್ನು ಹಾಗೆಯೇ ಶುರುಮಾಡಿದರು, ಅದೇ ದನಿ, ನಡುವೆ ಅದೇ ಕೆಮ್ಮು. ಚಾವಿ, ಬಟಾಟಿ, ಸಾಬೂನು, ಪಗಾರ, ಇವೆಲ್ಲ ಪೋರ್ಚುಗೀಸಿನಿಂದಲೇ ನಿಮ್ಮ ಕಡೆ ಬಂದದ್ದು, ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಆಯಿ ಬಹಳ ಖುಷಿಪಟ್ಟಳು. ಹೆಸರು ಹೇಳುವುದನ್ನು ಆಯಿಯಿಂದ ಮೂರು ಸಲ ಹೇಳಿಸಿದರು. ಅವಳಿಗೆ ಅದು ನಮಗಿಂತ ಬೇಗ ಬಂತು, ಏಕೆಂದರೆ ಅವಳಿಗೆ ತಪ್ಪಾದೀತೆಂಬ ಹೆದರಿಕೆ ಇರಲಿಲ್ಲ.

ಅಪ್ಪನ ಸರದಿ ಬಂತು. ಎದ್ದು ನಿಂತ. ಹೆಸರು ಹೇಳಲಿಲ್ಲ. ನನ್ನ ಕಡೆ ತಿರುಗಿ, ನಾನು ಹೇಳಿದ್ದನ್ನು ಮೇಡಮ್ಮಾರಿಗೆ ಅವರ ಭಾಷೆಯಲ್ಲಿಯೇ ಹೇಳು ಎಂದ. ಆಮೇಲೆ ಕೈಮುಗಿದು ಹೇಳಿದ:

“ನಿಂತ ಗಾಡಿ ಯಾರೂ ಹತ್ತಂಗಿಲ್ರಿ. ನೀವು ಬಿಡ್ರಿ ಮೇಡಂ. ಮುಂದ ಜನಾ ಹತ್ತತಾರ.”

ಸಾಯಿಮಾ, ನಾನು ಅದನ್ನು ಹೇಳಿದೆ. ಎಲ್ಲೂ ತಡವರಿಸದೆ, ಒಂದು ಶಬ್ದಕ್ಕೂ ಹುಡುಕಾಡದೆ ಹೇಳಿದೆ. ಎರಡು ವರ್ಷ ಕಲಿತದ್ದರಲ್ಲಿ ಅಷ್ಟು ಚೆನ್ನಾಗಿ ನಾನು ಬೇರೆ ಯಾವುದನ್ನೂ ಹೇಳಿಲ್ಲ. ನೀನು ಕೇಳಿದ್ದರೆ ತಿದ್ದಲು ನಿನಗೆ ಏನೂ ಸಿಗುತ್ತಿರಲಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೆಲ್ಲಗೆ ಒಂದೇ ಮಾತು ಹೇಳಿದರು. ಅದನ್ನು ಅಪ್ಪನಿಗೆ ಹೇಳುವುದು ನನ್ನ ಪಾಲಿಗೆ ಬಂತು.

“ಗಾಡಿ ಅವರದಲ್ಲಂತ ಅಪ್ಪಾ.”

ಅಪ್ಪನಿಗೆ ಆ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ಎಷ್ಟು ವರ್ಷ ಬೇರೆಯವರ ಗಾಡಿ ಓಡಿಸಿದ್ದಾನೆ ಅವನು. ಹಂಗಾರ ಆತ್ರಿ, ಎಂದು ಮೆಲ್ಲಗೆ ಕೂತ. ಕೂತವನು ಒಮ್ಮೆ, ಎದುರು ಬಂದ ಗಾಡಿಯನ್ನು ನೋಡುವ ಹಾಗೆ, ಬೆಂಚುಗಳ ಕಡೆ ಕಣ್ಣಾಡಿಸಿದ, ಆಮೇಲೆ ನನ್ನ ಮುಖ ನೋಡಿದ. ಗಂಟೆಯಾಗುವ ತನಕ ಮೇಡಂ ಪಾಠ ಮಾಡಿದರು. ಹೊರಗೆ ಬಂದ ಮೇಲೆ ಆಯಿ ಅವರ ಕೆನ್ನೆ ನೇವರಿಸಿ ನೆಟಿಕೆ ಮುರಿದಳು. ಅವರಿಗೆ ಅದೇನೆಂದು ತಿಳಿಯಲಿಲ್ಲ, ಆದರೂ ಆಯಿಯ ಕೈ ಬಿಡಲಿಲ್ಲ.

ಅಲ್ಲಿಗೆ ಮುಗಿಯಿತು. ಆಯಿಗೆ ಸಮುದ್ರ ತೋರಿಸಿ, ನನ್ನ ಟ್ರಂಕು ಹೇರಿಕೊಂಡು ಅದೇ ಗಾಡಿಯಲ್ಲಿ ಊರಿಗೆ ಬಂದೆವು. ಘಟ್ಟ ಹತ್ತುವಾಗ ಎಲ್ಲರೂ ನಿದ್ದೆ ಹೋದರು. ಅಪ್ಪ ಬಹಳ ಹೊತ್ತಿನ ಮೇಲೆ, ಮಜೀದನ ಮಗಳು ಹೆಂಗದಾಳ, ಎಂದು ಕೇಳಿದ. ವಾರಕ್ಕೆ ಎರಡು ಸಲ ತಾನೇ ನಿನ್ನನ್ನು ಕರೆದುಕೊಂಡು ಬರುವವನು ನನ್ನನ್ನು ಯಾಕೆ ಕೇಳಬೇಕು? ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ.

ಈಗ ಇಲ್ಲಿದ್ದೇನೆ. ಅವ್ವ ಹಾನಗಲ್ಲಿನಲ್ಲಿ ಬಿ.ಎಡ್. ಮಾಡು ಎನ್ನುತ್ತಾಳೆ. ಮಾಡಬಹುದು. ಹೋಟೆಲೊಂದರಿಂದಲೂ ಕರೆ ಬಂದಿದೆ, ಅವರಿಗೆ ಎರಡನೆಯ ಮಟ್ಟ ಹೆಚ್ಚೇ ಆಯಿತಂತೆ. ನಾನು ಬೆಳಿಗ್ಗೆ ಎದ್ದು ಪುಸ್ತಕ ತೆಗೆಯುತ್ತೇನೆ, ಒಂದು ಪುಟ ಓದುತ್ತೇನೆ, ಅರ್ಧ ತಿಳಿಯುತ್ತದೆ, ಉಳಿದ ಅರ್ಧವನ್ನು ಯಾರನ್ನು ಕೇಳಲಿ? ಮುಚ್ಚಿಡುತ್ತೇನೆ. ಬರದಿದ್ದರೆ ಬಿಡಬಹುದಿತ್ತು. ಪೂರ್ತಿ ಬಂದಿದ್ದರೆ ನಾನೇ ಹೇಗೋ ಮುಂದೆ ಹೋಗುತ್ತಿದ್ದೆ. ನಡುವೆ ನಿಲ್ಲಿಸಿಬಿಟ್ಟರು. ಬಹಳ ದುಃಖವಾಗುತ್ತದೆ. ಅವ್ವನ ಮುಂದೆ ಅತ್ತರೆ ಒಂದು ಭಾಷೆಗಾಗಿ ಅಳುತ್ತಾರೇನೇ ಎನ್ನುತ್ತಾಳೆ. ನಿನ್ನ ಮುಂದೆ ಮಾತ್ರ ಅಳಬಹುದಿತ್ತು. ಆದರೆ ಅಮ್ಮಿಯನ್ನು ಆ ಸ್ಥಿತಿಯಲ್ಲಿ ನೋಡಿಕೊಳ್ಳುತ್ತಿರುವವಳ ಮುಂದೆ ಯಾವ ಮುಖ ಇಟ್ಟುಕೊಂಡು ಅಳಲಿ?

ಅದಕ್ಕೆ ಫೋನು ಎತ್ತು ಸಾಯಿಮಾ. ತರಗತಿಯ ಮಾತು ಆಡುವುದಿಲ್ಲ. ಅಮ್ಮಿಯ ಪಾಳಿ ಬರುವ ತನಕ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನನಗೆ ಫೋನು ಮಾಡು. ಪಕ್ಕದಲ್ಲಿ ಕೂತವರನ್ನೆಲ್ಲ ಪೋರ್ಚುಗೀಸಿನಲ್ಲಿ ಬೈದು ಮುಗಿಸೋಣ. ನನ್ನ ತಪ್ಪುಗಳು ಬಹಳ ಕೂಡಿಬಿದ್ದಿವೆ, ತಿದ್ದುವವರಿಲ್ಲ. ಅಮ್ಮಿಗೆ ನನ್ನ ಸಲಾಂ ಹೇಳು. ಮಜೀದ ಚಾಚಾನಿಗೂ ಹೇಳು.

ನಿನ್ನ ಪಕ್ಕದ ಬೆಂಚಿನವಳು,
ತನುಜಾ

ತಾ.ಕ.: ನಾಳೆ ಗಾಡಿಯಲ್ಲಿ ಅಪ್ಪ ನಿನಗೆ ಏನಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಗೋವಾದಿಂದ ಬಂದಾಗಿನಿಂದ, ಒಂದೇ ಸೀಟು ಕಡಿಮೆ ಇತ್ತು, ಒಂದೇ ಒಂದು ಸೀಟು, ಎಂದು ಮನೆಯಲ್ಲಿ ಹಲಬುತ್ತಿದ್ದಾನೆ. ನಂಬಬೇಡ. ಅಪ್ಪನಿಗೆ ಸೀಟು ಎಣಿಸಲು ಬರುವುದಿಲ್ಲ.